ನಿರಿಗಿ ಹಿಂದ

ಕ್ಯಾಂಪಿನ ಇಂಗ್ಲಿಷ್ ಸಾಲಿ ಬ್ಯಾಂಡಿನವರು
ಹದಿಮೂರು ಹೇಳಿದ್ದರು, ಹನ್ನೆರಡು ಒಯ್ದರು.
ಡ್ರಮ್ಮು ಬಾರಿಸೋ ದಪ್ಪ ಹುಡುಗ ಒಬ್ಬಾಂವ
ನಡುವ ಸಾಲಿ ಬಿಟ್ಟನಂತ.
ಉಳಿದದ್ದೊಂದು, ಕೆಂಪು ಚೌಕಡಿ, ಹಸಿರು ಗೆರಿ,
ಮೂರು ತಿಂಗಳು ಅಂಗಡಿ ಗೂಟಕ್ಕ ತೂಗಿತು.

ಮಾರ್ಚಿನಾಗ ಒಂದು ಐತವಾರ ಮಧ್ಯಾಹ್ನ
ನಮ್ಮ ಮನಿಯವರು ಅದನ್ನ ಉಟ್ಟುಕೊಂಡು
(ಉಟ್ಟುಕೊಂಡೋ, ತೊಟ್ಟುಕೊಂಡೋ?
ಸೀರಿ ಉಡತೀವಿ, ಅಂಗಿ ತೊಡತೀವಿ,
ಇದಕ್ಕೇನಂತಾರ ನನಗಿನ್ನೂ ತಿಳಿದಿಲ್ಲ)
ಅಡಗಿಮನಿ ಬಾಗಿಲಾಗ ನಿಂತರು.
ಹೆಂಚಿನ ಮ್ಯಾಲಿನ ರೊಟ್ಟಿ ಕರಕಾತು.

"ಸೆಕಿ," ಅಂದರು. ಅಷ್ಟ.
ಮೂವತ್ತು ವರ್ಷ ಮಂದಿ ನಡ ಅಳದ ಮನಷ್ಯಾ
ತನ್ನ ನಡಕ್ಕ ತಾನ ಬಕ್ಕಲ್ ಬಿಗಕೊಂಡು.

ನಗಬಾರದಂತ ಹಿಟ್ಟಿನ ಕೈಲೆ ಬಾಯಿ ಮುಚ್ಚಿದೆ.
ನಕ್ಕೆ. ಗದ್ದ, ಗಲ್ಲ ಎಲ್ಲಾ ಹಿಟ್ಟು.
ನಗಿ ನಿಂತ ಮ್ಯಾಲ ಸಿಟ್ಟು ಬಂತು:
ಆರು ವಾರಿ ಸುತ್ತಿಕೊಂಡು ಒಲಿ ಮುಂದ ನಿಂತಾಕಿ ನಾ,
ನನಗ ಆಗಂಗಿಲ್ಲೇನು ಸೆಕಿ?

ಮಗ ಶ್ರೀರಂಗ ಮಾತಾಡಲಿಲ್ಲ.
ಎದ್ದು ಪಡದೆ ಎಳದ, ಒಂದೊಂದ,
ಕಡಿ ಮುರಿದು ಎಂದೂ ಎಳೆಯದ ಪಡದೇನೂ
ಕೈಲೆ ಹಿಡಕೊಂಡು ನಿಂತ.
ಎದರಮನಿ ನೀಲಗಂಗಾ ವೈನಿ
ಹಾಕಿದ್ದ ಅರಿವಿ ತಗದು
ಮತ್ತ ಒಣಗ ಹಾಕಿದಳು, ಇತ್ತಾಗ ಮಾರಿ ಮಾಡಿ.

ಮೈದುನ ಜ್ಞಾನೋಬಾ ಟಿಳಕವಾಡಿಯಿಂದ
ಸ್ಕೂಟರ್ ಹೊಡಕೊಂಡ ಬಂದ. ಚಾ ಕೂಡ ಕುಡಿಲಿಲ್ಲ.
"ಲುಂಗಿ ಇಲ್ಲೇನ ಅಣ್ಣಾ, ಧೋತರ ಸತ್ತಾವೇನ?"
"ಲುಂಗಿಗೆಷ್ಟು ಹೊಲಿಗಿ, ಹೇಳು," ಅಂದರಿವರು,
"ಒಂದ. ಇದಕ್ಕ ಇಪ್ಪತ್ತೇಳು ನಿರಿಗಿ,
ಚೌಕಡಿಗೆ ಚೌಕಡಿ ಕೂಡಬೇಕು, ಒಂದೆಳಿ ತಪ್ಪಿದರ
ಪೂರಾ ಬಿಚ್ಚಬೇಕು. ಹುಡುಗರು ಹಾಕ್ಕೊಂಡು
ಮಣ್ಣಾಗ ಉಳ್ಳಾಡತಾವ. ಯಾರರ ನೋಡ್ಯಾರೇನ ಇದನ್ನ?"
ಅಂದು ಬೆನ್ನು ತಿರುವಿ ನಿಂತರು, ತಮ್ಮ ನೋಡಲಿ ಅಂತ.
ತಮ್ಮ ಗ್ವಾಡಿ ನೋಡಿದ.

ಹೊರಸಿನ ಮ್ಯಾಲ ಅತ್ತಿ, ಎಂಬತ್ನಾಲ್ಕು,
ಕಣ್ಣಾಗ ಮಂಜು.
ಕೈ ಚಾಚಿ ಅಂಚು ಹಿಡದರು, ಬಟ್ಟಿಲೆ ತಿಕ್ಕಿದರು.
"ಪರಕಾರಾ?" ಅಂದರು.
"ನಿನಗಿಂತ ಮೊದಲ ಮೂರು ಹ್ವಾದವು, ಪುಂಡ್ಯಾ.
ನಿನಗ ಮೂಗು ಚುಚ್ಚಿಸಿದೆ, ಪರಕಾರ ತೊಡಿಸಿದೆ,
ಐದು ವರ್ಷ. ಬಾಗಿಲಿಗೆ ಬಂದದ್ದು
ಹುಡುಗಿ ಐತಿ ಅಂತ ತಿಳಕೊಂಡು
ಹೊಳ್ಳಿ ಹೋಗಲಿ ಅಂತ."

ಹುಡುಗಿ ಆದರ ಬಿಟ್ಟು ಹೋಗತಿತ್ತೇನ ಅತ್ತಿ?
ಕೇಳಬೇಕಂದೆ. ಕೇಳಲಿಲ್ಲ.
ಅವರ ಮೂಗಿನ ಮ್ಯಾಲಿನ ಆ ಚುಕ್ಕಿ
ಮೈಲಿ ಕಲಿ ಅಂತ ತಿಳದಿದ್ದೆ ಇಷ್ಟು ದಿನ.

ಮತ್ತ, ಮೊಣಕಾಲು.
ಲಗ್ನಾಗಿ ಇಪ್ಪತ್ತಾರು ವರ್ಷಕ್ಕ
ಹಗಲ ಬೆಳಕಿನಾಗ ನಾ ನೋಡಿದ್ದು ಅವತ್ತ ಮೊದಲು.
ಬಿಸಿಲು ಕಾಣದ ಎರಡು ಸಣ್ಣ ಮಾರಿ,
ಕರೆಯದ ಮನಿಗೆ ಬಂದವರಂಗ
ಎಲ್ಲಿ ಕುಂದರಬೇಕು ತಿಳಿಯದವು.

ಈಗ ಐತವಾರಕ್ಕೊಮ್ಮೆ.
ಶ್ರೀರಂಗ ಪಡದೆಗೆ ಕಡಿ ತಂದು ಹಾಕ್ಯಾನ.
ಜ್ಞಾನೋಬಾ ಬರೂದಿಲ್ಲ, ಬಂದರೂ ಸೋಮವಾರ.
ಇಸ್ತ್ರಿ ನಾನ ಮಾಡತೀನಿ.
ನನ್ನ ನಿರಿಗಿ ಮುಂದ, ನಾನ ಹಿಡೀತೀನಿ.
ಅವರವು ಹಿಂದ. ಕುಂತು ಎದ್ದರ ಮುದುಡತಾವ,
ಅವರಿಗೆ ಕಾಣಂಗಿಲ್ಲ.
"ತಿರುಗ್ರಿ," ಅಂತೀನಿ. ತಿರುಗತಾರ.

ಮೊನ್ನೆ ಅಂದೆ, ಇನ್ನೊಂದು ಹೊಲೀರಿ.
ಯಾರಿಗೆ ಅಂತ ಕೇಳಲಿಲ್ಲ.
ಕೊರಳಾಗಿನ ಟೇಪು ತಗದರು.
ನನ್ನ ಕುಬಸ ಎಂದೆಂದೂ ಅಂದಾಜಿಲೆ ಹೊಲದಾಂವ,
ಅವತ್ತ ಎರಡ ಸಲ ಅಳದು
ಬರಕೊಂಡ.